ಪಂಕಜಕ್ಕನಿಗೆ ನಾಲ್ಕು ಕೆಜಿ

ಆ ಸೋಮವಾರ ತಕ್ಕಡಿಕಟ್ಟೆಯ ಮೇಲೆ ನನ್ನ ಹೆಂಡತಿ ಅಂಬುಜ ಒಂದು ಕೆಜಿ ಇನ್ನೂರು ಗ್ರಾಂ ಇಳಿದಿದ್ದಳು. ಸಾಲಿನಲ್ಲಿ ಅವಳ ಹಿಂದೆಯೇ ಇದ್ದ ನಾನು ಒಂದು ಕೆಜಿ ಇನ್ನೂರು ಗ್ರಾಂ ಏರಿದ್ದೆ. ತೂಕದ ಗುಮಾಸ್ತ ಬಸವಂತಯ್ಯ ಎರಡು ಅಂಕಿಗಳನ್ನೂ ಬರೆದುಕೊಂಡು, ಕನ್ನಡಕದ ಮೇಲಿನಿಂದ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, "ಮನೇಲಿ ಎಲ್ಲಾ ಸರಿಯಾಗಿದೆಯಾ ಸ್ವಾಮಿ?" ಎಂದು ಕೇಳಿದ. ನಮ್ಮ ಹಿಂದೆ ನಿಂತಿದ್ದ ಹದಿನೈದು ಜನ ಉತ್ತರಕ್ಕಾಗಿ ಕಾದರು.

ನಮ್ಮೂರಿನಲ್ಲಿ ಇಳಿಸಿದ ತೂಕ ಹಾಗೆ ಗಾಳಿಗೆ ಹೋಗುವುದಿಲ್ಲ. ಪಥ್ಯದವರು ತುತ್ತು ನುಂಗುವಾಗ ಯಾರನ್ನು ನೆನೆಯುತ್ತಾರೋ ಅವರ ಮೈಮೇಲೆ ಹೋಗಿ ಕೂರುತ್ತದೆ. ಹಿಂದಿನ ಪುರಸಭಾಧ್ಯಕ್ಷರು ನೀರಿನ ಕಂದಾಯ ಏರಿಸಿದ ವರ್ಷ ಇಪ್ಪತ್ತಾರು ಕೆಜಿ ಏರಿದರು. ಕಂದಾಯ ಇಳಿಸಿದ ಮೇಲೂ ಅವರು ಇಳಿಯಲಿಲ್ಲ, ಏಕೆಂದರೆ ಜನ ಆಗ ಅವರ ಹೊಟ್ಟೆಯನ್ನು ನೆನೆಯತೊಡಗಿದ್ದರು. ಪಂಕ್ತಿಯಲ್ಲಿ ಕೂತಾಗ ಅಲ್ಲಿಲ್ಲದವರ ಹೆಸರೆತ್ತುವುದು ನಮ್ಮಲ್ಲಿ ಅಸಭ್ಯತೆ. ಊರಿನ ಒಟ್ಟು ತೂಕ ಸೋಮವಾರದಿಂದ ಸೋಮವಾರಕ್ಕೆ ಒಂದೇ ಇರುತ್ತದೆ. ಹುಟ್ಟು ಸಾವಿನದು ಬೇರೆ ಪುಸ್ತಕ, ಬೇರೆ ಕಿಟಕಿ. ಬಸವಂತಯ್ಯ ಆ ಕಿಟಕಿಯ ಕಡೆ ತಲೆ ಹಾಕಿಯೂ ಮಲಗಿದವನಲ್ಲ.

ಅಂಬುಜಳ ಆ ಒಂದು ಕೆಜಿ ಇನ್ನೂರು ಗ್ರಾಂ ನನಗೆ ಬರಬೇಕಾದ್ದಲ್ಲ. ಅವಳ ಅಕ್ಕನಿಗೆ ಹೋಗಬೇಕಾಗಿತ್ತು.

ಅಕ್ಕನ ಹೆಸರು ಪಂಕಜ. ಹೆಣ್ಣುಮಕ್ಕಳಿಗೆ ಹೆಸರಿಡುವಾಗ ನಮ್ಮ ಮಾವನವರಿಗೆ ಕೆರೆ ಬಿಟ್ಟು ಬೇರೇನೂ ಹೊಳೆದಿರಲಿಲ್ಲ. ಪಂಕಜಕ್ಕ ಮದುವೆಯಾಗಲಿಲ್ಲ, ಮೂವತ್ತಮೂರು ವರ್ಷ ಊರಿನ ಪೋಸ್ಟ್‌ಮಾಸ್ಟರಾಗಿದ್ದು ನಿವೃತ್ತರಾದರು, ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದರು. ಹೋದ ವರ್ಷ ಅವರ ಹೊಟ್ಟೆಯಲ್ಲೊಂದು ಗಡ್ಡೆ ಬೆಳೆಯಿತು. ಅದು ಬೆಳೆದಂತೆ ಅವರು ಕರಗಿದರು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅವರ ಹನ್ನೊಂದು ಕೆಜಿ ಊರಿನಲ್ಲೆಲ್ಲ ಹಂಚಿಹೋಯಿತು. ಆರು ತಿಂಗಳಲ್ಲಿ ಹೊಸ ಹೊಟ್ಟೆ ಬಂದವರು ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಗಡ್ಡೆ ತೆಗೆಯಬಹುದು ಎಂದು ಡಾಕ್ಟರು ಹೇಳಿದರು. ಸರ್ಜನ್ ನಮ್ಮೂರಿಗೆ ಬರುವುದು ಮೂರು ತಿಂಗಳಿಗೊಮ್ಮೆ. ಮುಂದಿನ ಸರದಿ ಆರು ವಾರಕ್ಕೆ, ಒಂದು ಬುಧವಾರ. ಆದರೆ ರೋಗಿ ನಲವತ್ತೆರಡು ಕೆಜಿಯಾದರೂ ಇರಬೇಕು, ಇಲ್ಲದಿದ್ದರೆ ಅರಿವಳಿಕೆ ಮದ್ದು ಕೊಡುವುದಿಲ್ಲ. ಪಂಕಜಕ್ಕ ಇದ್ದದ್ದು ಮೂವತ್ತೆಂಟು. ಅದರ ಮುಂದಿನ ಸರದಿಯವರೆಗೆ ಕಾಯಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು ಸ್ಟೆತಾಸ್ಕೋಪನ್ನು ಮಡಚಿ ಜೇಬಿಗಿಟ್ಟುಕೊಂಡರು. ಅದೇ ಉತ್ತರ.

"ನಾಲ್ಕು ಕೆಜಿ ತಾನೇ," ಎಂದಳು ಅಂಬುಜ. "ನನ್ನ ಹತ್ರ ಎಪ್ಪತ್ತೊಂದಿದೆ. ಕೊಡ್ತೀನಿ." ಅಂದೇ ಸಂಜೆ ಹೋಗಿ ಇಂದುಮತಿ ಮೇಡಂ ಅವರ ಪಾಯಿಂಟ್ ಪಥ್ಯಕ್ಕೆ ಸೇರಿದಳು.

ಇಂದುಮತಿ ಮೇಡಂ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವರು. ನಿವೃತ್ತಿಯಾಗಿ ಆರು ವರ್ಷವಾದರೂ ಕೊರಳಲ್ಲಿ ಸೀಟಿ ಹಾಗೆಯೇ ಇತ್ತು. ಅವರ ಪಥ್ಯದಲ್ಲಿ ದಿನಕ್ಕೆ ಇಪ್ಪತ್ತಮೂರು ಪಾಯಿಂಟು. ಇಡ್ಲಿಗೆ ಎರಡು, ಚಮಚ ತುಪ್ಪಕ್ಕೆ ನಾಲ್ಕು, ಒಬ್ಬಟ್ಟಿಗೆ ಹನ್ನೊಂದು, ಸೌತೆಕಾಯಿಗೆ ಸೊನ್ನೆ. ಇದಕ್ಕೆಲ್ಲ ಒಂದು ಹಸಿರು ಪುಸ್ತಕವಿತ್ತು. ನಾನು ಊರಿನ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಆ ಪುಸ್ತಕದ ಕರಡನ್ನು ತಿದ್ದಿದ್ದೂ ನಾನೇ. ಅದರಲ್ಲಿ 'ಬೇಯಿಸಿ' ಎಂಬ ಪದ ನೂರಾ ನಲವತ್ತು ಸಲ ಬರುತ್ತದೆ, 'ರುಚಿ' ಎಂಬುದು ಒಂದೇ ಸಲ. ಅದೂ 'ರುಚಿಗೆ ತಕ್ಕಷ್ಟು ಉಪ್ಪು' ಎಂಬಲ್ಲಿ.

ಅಂಬುಜಳ ಅಡುಗೆ ಅಂಬುಜಳೇ ಮಾಡಿದರೆ ಒಗ್ಗರಣೆ ಸೌಟು ಕೈ ತಪ್ಪುತ್ತದೆ ಎಂದು ಆರು ವಾರದ ಮಟ್ಟಿಗೆ ಅಡುಗೆಮನೆ ನನ್ನ ಕೈಗೆ ಬಂತು. ಮೊದಲ ವಾರ ಹಸಿರು ಪುಸ್ತಕದಲ್ಲಿದ್ದಂತೆ ಎಲ್ಲವನ್ನೂ ಬೇಯಿಸಿ ಬಡಿಸಿದೆ. ಬೇಯಿಸಿದ ಹೀರೇಕಾಯಿ, ಬೇಯಿಸಿದ ಹೆಸರುಕಾಳು, ಬೇಯಿಸಿದ ಇನ್ನೇನೋ. ಅಂಬುಜ ಪ್ರತಿ ತುತ್ತಿಗೂ ತಲೆಯೆತ್ತಿ ನನ್ನ ಮುಖ ನೋಡಿ ನುಂಗುತ್ತಿದ್ದಳು. ಅದರ ಫಲ ಸೋಮವಾರ ತಕ್ಕಡಿಕಟ್ಟೆಯ ಮೇಲೆ ಸಾರ್ವಜನಿಕವಾಗಿ ಪ್ರಕಟವಾಯಿತು.

"ಅಕ್ಕನ್ನ ನೆನೀಬೇಕು ಅಂತಾನೇ ಕೂತ್ಕೋತೀನಿ," ಎಂದಳು ದಾರಿಯಲ್ಲಿ. "ಬಾಯಿಗಿಟ್ಟ ತಕ್ಷಣ ನೀವೇ ಬರ್ತೀರ."

"ಏನಂತ ಬರ್ತೀನಿ?"

"ಅದನ್ನ ರಸ್ತೇಲಿ ಹೇಳೋಕಾಗಲ್ಲ."

ಆಗ ನನಗೆ ಸಮಸ್ಯೆ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡೆ. ಊಟ ಕೆಟ್ಟದಾಗಿದ್ದರೆ ಉಣ್ಣುವವರಿಗೆ ನೆನಪಾಗುವುದು ಅಡುಗೆಯವರೇ. ತೂಕ ಸರಿಯಾದ ವಿಳಾಸಕ್ಕೆ ಹೋಗಬೇಕಾದರೆ ಊಟ ರುಚಿಯಾಗಿರಬೇಕು, ಆದರೆ ಎಣ್ಣೆ ಇರಕೂಡದು, ತುಪ್ಪ ಇರಕೂಡದು, ತೆಂಗಿನಕಾಯಿಯ ಹೆಸರೂ ಇರಕೂಡದು. ಅಚ್ಚುಕೂಟದ ಅಟ್ಟದಲ್ಲಿದ್ದ ಹಳೆಯ ಪಾಕದ ಪುಸ್ತಕಗಳನ್ನೆಲ್ಲ ಇಳಿಸಿ ಓದಿದೆ. ಎಲ್ಲ ಪುಸ್ತಕಗಳೂ 'ಮೊದಲು ಪಾವು ತುಪ್ಪ ಕಾಯಿಸಿ' ಎಂದೇ ಶುರುವಾಗುತ್ತಿದ್ದವು. ಬೀದಿಯ ಹೆಂಗಸರನ್ನು ಕೇಳಿದೆ. ಸಾಸಿವೆಯನ್ನು ಬರೀ ಕಬ್ಬಿಣದ ಸೌಟಿನಲ್ಲಿ ಹುರಿದರೆ ಎಣ್ಣೆಯಿಲ್ಲದೆಯೂ ಸಿಡಿಯುತ್ತದೆ ಎಂದು ಒಬ್ಬರು, ಕಾಯಿಯ ಬದಲು ಹುರಿಗಡಲೆ ರುಬ್ಬಿ ಹಾಕಿದರೆ ಗೊಜ್ಜು ಮಂದವಾಗುತ್ತದೆ ಎಂದು ಇನ್ನೊಬ್ಬರು. ಹೀರೇಕಾಯಿಯ ತಿರುಳು ಎಸೆದು ಸಿಪ್ಪೆಯನ್ನು ಚಟ್ನಿ ಮಾಡಿ ಎಂದರು ಮೂರನೆಯವರು. ಇದುವರೆಗೆ ನಾವು ತಿರುಳನ್ನು ತಿಂದು ಏನನ್ನು ಸಾಧಿಸಿದ್ದೆವೋ ಗೊತ್ತಾಗಲಿಲ್ಲ.

ಎರಡನೆಯ ವಾರ ಸಿಪ್ಪೆಯ ಚಟ್ನಿ, ಬರಿ ಹೆಂಚಿನ ಜೋಳದ ರೊಟ್ಟಿ, ಮೆಂತ್ಯದ ಸೊಪ್ಪಿನ ಹುಳಿ. ಅಂಬುಜ ಮುಖ ಎತ್ತದೆ ತಿಂದಳು. ನನಗೆ ಗೆಲುವೆನಿಸಿತು. ಆದರೆ ಎದುರಿಗೆ ಹಸಿರು ಪುಸ್ತಕ ಬಿಡಿಸಿಟ್ಟುಕೊಂಡು, "ರೊಟ್ಟಿ ಮೂರು, ಹುಳಿ ಎರಡು, ಚಟ್ನಿ ಅರ್ಧ, ಅರ್ಧ ಹಾಕ್ಕೋಬಹುದಾ?" ಎಂದು ಎಣಿಸುತ್ತ ತಿನ್ನುತ್ತಿದ್ದಳು. ಸೋಮವಾರ ಅವಳು ಏಳುನೂರು ಗ್ರಾಂ ಇಳಿದಳು. ಪಂಕಜಕ್ಕ ಮೂವತ್ತೆಂಟರಲ್ಲೇ ಇದ್ದರು. ನಾನೂ ಏರಿರಲಿಲ್ಲ. ಮಧ್ಯಾಹ್ನ ಇಂದುಮತಿ ಮೇಡಂ ಸೀಟಿ ಊದಿಕೊಂಡೇ ನಮ್ಮ ಗೇಟು ತೆರೆದರು.

"ಅಂಬುಜಮ್ಮ, ಏಳುನೂರು ಗ್ರಾಂ! ಮೂವತ್ತು ವರ್ಷದಿಂದ ಐವತ್ನಾಲ್ಕು ದಾಟದ ಮೈ ಇದು! ಪಾಯಿಂಟ್ ಎಣಿಸಿ ಅಂದೆ, ನನ್ನನ್ನ ನೆನೀರಿ ಅಂದ್ನಾ?"

"ನಿಮ್ಮ ಪುಸ್ತಕ ನೋಡಿದ್ರೆ ನೀವೇ ಕಣ್ಣಿಗೆ ಬರ್ತೀರ ಮೇಡಂ. ಸೀಟಿ ಸಮೇತ."

ಮೇಡಂ ಒಳ್ಳೆಯವರು. ಸಿಟ್ಟು ಇಳಿದ ಮೇಲೆ ಕೂತು ಮಜ್ಜಿಗೆ ಕುಡಿದು, ತಮ್ಮ ಪಥ್ಯದ ನಲವತ್ತು ಜನಕ್ಕೂ ಹೇಳುತ್ತೇನೆ, ಎಲ್ಲರೂ ಒಂದು ಹೊತ್ತು ಪಂಕಜಮ್ಮನನ್ನು ನೆನೆದು ಉಣ್ಣಲಿ ಎಂದರು. ನಲವತ್ತು ಜನ ನೆನೆದರು. ಒಂದು ಗ್ರಾಂ ಕೂಡ ಅಲುಗಲಿಲ್ಲ. 'ಪಾಪ' ಎಂದು ನೆನೆದರೆ ತೂಕ ಹೋಗುವುದಿಲ್ಲ ಎಂಬುದು ಅಂದು ಊರಿಗೇ ತಿಳಿಯಿತು. ಆ ವಾರ ಯಾರೂ ಯಾರಿಗೂ ಪಾಪ ಎನ್ನಲಿಲ್ಲ.

ಮೂರನೆಯ ವಾರ ನಾನು ನುಚ್ಚಿನುಂಡೆಗೆ ಕೈಹಾಕಿದೆ. ತೊಗರಿಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಶುಂಠಿ, ಹಸಿಮೆಣಸಿನಕಾಯಿ ಕಲಸಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಎಣ್ಣೆಯ ಹನಿಯೂ ಬೇಡ. ಜೊತೆಗೆ ಬೂದುಗುಂಬಳದ ಮಜ್ಜಿಗೆಹುಳಿ. ಕಾಯಿ ಹಾಕದೆ, ನೆನೆಸಿದ ಕಡಲೆಬೇಳೆಯನ್ನು ಜೀರಿಗೆಯೊಂದಿಗೆ ನುಣ್ಣಗೆ ರುಬ್ಬಿ, ಕೆನೆ ತೆಗೆದ ಮಜ್ಜಿಗೆಗೆ ಸೇರಿಸಿದ್ದೆ. ಉಂಡೆಗೆ ಒಂದೂವರೆ ಪಾಯಿಂಟು. ಪುಸ್ತಕವನ್ನು ನಾನೇ ಬಚ್ಚಿಟ್ಟಿದ್ದೆ.

ಅಂಬುಜ ಮೊದಲ ಉಂಡೆ ಮುರಿದು ಹುಳಿಯಲ್ಲಿ ಅದ್ದಿ ಬಾಯಿಗಿಟ್ಟಳು. ನನ್ನ ಕಡೆ ನೋಡಲಿಲ್ಲ. ಎಣಿಸಲಿಲ್ಲ. ಎರಡನೆಯದಕ್ಕೆ ಕಣ್ಣು ಒರೆಸಿಕೊಂಡಳು. ಮೆಣಸಿನಕಾಯಿ ಹೆಚ್ಚಾಯಿತೇ ಎಂದು ಕೇಳಿದರೆ ತಲೆಯಾಡಿಸಿದಳು, ಹೌದೋ ಅಲ್ಲವೋ ತಿಳಿಯಲಿಲ್ಲ. ಆ ವಾರ ನಾಲ್ಕು ದಿನ ಅದನ್ನೇ ಮಾಡಿಸಿಕೊಂಡು ತಿಂದಳು.

ಸೋಮವಾರ ಎಂಟುನೂರು ಗ್ರಾಂ ಇಳಿದಿದ್ದಳು. ಪಂಕಜಕ್ಕ ಮೂವತ್ತೆಂಟು. ನಾನು ಇದ್ದಷ್ಟೇ, ಮೇಡಂ ಇದ್ದಷ್ಟೇ. ಊರಿನ ಕೊನೆಯವನನ್ನು ತೂಗಿ ಒಟ್ಟು ಹಾಕಿದಾಗ ಊರು ಎಂಟುನೂರು ಗ್ರಾಂ ಕಡಿಮೆ ಬಂತು. ಬಸವಂತಯ್ಯ ಮೂರು ಸಲ ಕೂಡಿದ. ತಕ್ಕಡಿಯ ಕೆಳಗೆ ಬಗ್ಗಿ ನೋಡಿದ. ಸಂಜೆ ಒಂದು ಫಾರಂ ಹಿಡಿದು ಮನೆಗೆ ಬಂದ.

"ಹತ್ತೊಂಬತ್ತು ವರ್ಷದ ಸರ್ವಿಸ್ ಅಮ್ಮಾ. ಹೀಗೆ ಆಗಿಲ್ಲ. ಯಾರಿಗೆ ಕಳಿಸಿದ್ರಿ ಹೇಳ್ಬಿಡಿ, ಬರ್ಕೊಂಡು ಹೋಗ್ತೀನಿ."

ಅಂಬುಜ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. "ಅಮ್ಮನಿಗೆ," ಎಂದಳು.

ನಮ್ಮ ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನುಚ್ಚಿನುಂಡೆ ಅವರ ಕೈಯ ಅಡುಗೆ.

ಬಸವಂತಯ್ಯ ಅವರ ಹೆಸರು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಅವರು ಆ ಪುಸ್ತಕಕ್ಕೆ ಹೋದೋರಲ್ವಾ? ಈ ಪುಸ್ತಕದಿಂದ ಆ ಪುಸ್ತಕಕ್ಕೆ ಗ್ರಾಂ ಹೋಗಕ್ಕೆ ಬರಲ್ಲ. ಇಲ್ಲಿ ನೋಡಿ, ಪಡೆದವರ ಸಹಿ ಅಂತ ಕಾಲಂ ಇದೆ."

"ಹಾಗಾದ್ರೆ ಖಾಲಿ ಬಿಡಿ."

"ಖಾಲಿ ಬಿಡೋ ಕಾಲಂ ಅಲ್ಲಮ್ಮಾ ಅದು," ಎಂದು ಅವನು ಫಾರಂ ಮಡಚಿಕೊಂಡು ಹೋದ. ಅವನ ನಡಿಗೆಯೇ ಓರೆಯಾಗಿತ್ತು.

ಮರುದಿನ ಬೆಳಿಗ್ಗೆ ನಾನು ಪಂಕಜಕ್ಕನ ಮನೆಗೆ ಹೋದೆ. ಅವರು ವರಾಂಡದ ಬೆತ್ತದ ಕುರ್ಚಿಯಲ್ಲಿ, ಎರಡು ದಿಂಬುಗಳ ನಡುವೆ ಮೂರನೆಯ ದಿಂಬಿನ ಹಾಗೆ ಕೂತಿದ್ದರು. ಮೂರು ವಾರದ ಸಾಧನೆಯನ್ನು ವರದಿ ಮಾಡಿದೆ: ನನಗೆ ಒಂದು ಕೆಜಿ ಇನ್ನೂರು, ಡ್ರಿಲ್ ಮೇಡಂಗೆ ಏಳುನೂರು, ಅತ್ತೆಯವರಿಗೆ ಎಂಟುನೂರು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನೋವಾಗುತ್ತದೆ ಎಂದು ನಿಲ್ಲಿಸಿದರು, ಮತ್ತೆ ನಕ್ಕರು.

"ಅಲ್ಲಿಗೂ ಕಳಿಸಿದ್ಲಾ ನನ್ನ ತಂಗಿ? ಅಮ್ಮನಿಗೂ ಅವಳೇ ಮುದ್ದು, ಬಿಡಿ. ನುಚ್ಚಿನುಂಡೆ ಬೇಯೋವಾಗ ಮೊದಲ ಉಂಡೆ ಯಾವತ್ತೂ ಅವಳಿಗೆ. ನಾನು ತಟ್ಟೆ ಹಿಡ್ಕೊಂಡು ಕ್ಯೂನಲ್ಲಿ."

"ಅತ್ತಿಗೆ, ನಿಮ್ಮನ್ನೇ ನೆನಪಿಸೋ ಅಡುಗೆ ಯಾವುದಾದ್ರೂ ಇದ್ರೆ ಹೇಳಿ. ನೀವು ಚೆನ್ನಾಗಿ ಮಾಡ್ತಿದ್ದದ್ದು."

"ನಾನಾ? ಚೆನ್ನಾಗಾ? ಶ್ರೀಕಂಠಯ್ಯನೋರೇ, ನಾನು ಜೀವಮಾನ ಇಡೀ ಪೋಸ್ಟಾಫೀಸಿನ ಎದುರುಗಡೆ ಹೋಟೆಲಲ್ಲಿ ತಿಂದೋಳು." ಸ್ವಲ್ಪ ಹೊತ್ತು ಬೀದಿ ನೋಡಿದರು. "ಒಂದ್ಸಲ ಮಾಡಿದ್ದೆ. ನನಗೆ ಹನ್ನೆರಡು, ಅವಳಿಗೆ ಆರು. ಅಮ್ಮ ಎಲ್ಲೋ ಹೋಗಿದ್ಲು, ಇವಳು ಹಸಿವು ಅಂತ ರಂಪ. ಗೊಜ್ಜವಲಕ್ಕಿ ಮಾಡಿದೆ. ಎಣ್ಣೆ ಡಬ್ಬ ಮೇಲಿನ ಗೂಡಲ್ಲಿತ್ತು, ಸ್ಟೂಲ್ ಹತ್ತಿದ್ರೂ ಎಟುಕಲಿಲ್ಲ, ಒಗ್ಗರಣೆ ಇಲ್ಲ. ಸಾರಿನಪುಡಿ ಅಂದ್ಕೊಂಡು ಖಾರದಪುಡಿ ಹಾಕಿಬಿಟ್ಟೆ. ಇಬ್ಬರೂ ಅತ್ಕೊಂಡೇ ತಿಂದ್ವಿ. ಮೂಗಲ್ಲಿ ನೀರು, ಕಣ್ಣಲ್ಲಿ ನೀರು, ಒಬ್ಬರ ಮುಖ ಒಬ್ಬರು ನೋಡಿ ನಗು. ಅವಳು ಇನ್ನೂ ಹಾಕು ಅಂದ್ಲು, ನೋಡಿ."

ಎಣ್ಣೆ ಇಲ್ಲ, ಕಾಯಿ ಇಲ್ಲ. ಅವಲಕ್ಕಿ, ಹುಣಸೆರಸ, ಬೆಲ್ಲ, ಉಪ್ಪು, ಖಾರ. ಅಂದಾಜಿಗೆ ಬಟ್ಟಲಿಗೆ ನಾಲ್ಕು ಪಾಯಿಂಟು. ಐವತ್ತು ವರ್ಷ ಹಿಂದೆ ಹನ್ನೆರಡರ ಹುಡುಗಿಯೊಬ್ಬಳು ತಪ್ಪಾಗಿ ಮಾಡಿದ್ದನ್ನು ನಾನು ಸರಿಯಾಗಿ ತಪ್ಪಬೇಕಾಗಿತ್ತು.

ಅದು ಸುಲಭವಲ್ಲ. ಗಟ್ಟಿ ಅವಲಕ್ಕಿಯನ್ನು ತರಿತರಿ ಕುಟ್ಟಿ ಹುಣಸೆರಸದಲ್ಲಿ ನೆನೆಸಿದ ಮೊದಲ ಬಟ್ಟಲನ್ನು ಅಂಬುಜ ಒಂದು ಚಮಚ ತಿಂದು, "ಇದಲ್ಲ. ಅದು ಇಷ್ಟು ಮೆತ್ತಗಿರಲಿಲ್ಲ," ಎಂದು ಸರಿಸಿದಳು. ಮರುದಿನದ್ದಕ್ಕೆ ಬೆಲ್ಲ ಹೆಚ್ಚು. ಅದರ ಮರುದಿನದ್ದಕ್ಕೆ ಖಾರ ಕಡಿಮೆ. ದಿನಕ್ಕೆ ನಾಲ್ಕೈದು ಬಟ್ಟಲು ಮಾಡುತ್ತಿದ್ದೆ. ಅವಳು ಚೂರು ತಿಂದು ಬಿಟ್ಟದ್ದನ್ನು ಚೆಲ್ಲಲು ಮನಸ್ಸಾಗದೆ ಒಲೆಯ ಪಕ್ಕದಲ್ಲಿ ನಿಂತುಕೊಂಡೇ ನಾನು ಮುಗಿಸುತ್ತಿದ್ದೆ. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ಸಂಜೆ ಅದೇ. ಅಗಿಯುತ್ತ ಯೋಚಿಸುವುದೂ ಒಂದೇ: ಎಷ್ಟು ಚಮಚ ಸುರಿದಿರಬಹುದು ಅತ್ತಿಗೆ? ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಾಗ ಜಡೆ ಒಂದಿತ್ತೋ ಎರಡೋ? ಅತ್ತುಕೊಂಡು ನಕ್ಕರೆ ಹೇಗೆ ಕಾಣುತ್ತಿದ್ದರು? ಅಂಬುಜಳಿಗೆ ಬೇಯಿಸಿದ ಬೇಳೆಕಾಳು ಬೇರೆ ನಡೆಯುತ್ತಿತ್ತು.

ನಾಲ್ಕನೆಯ ಸೋಮವಾರ ನಾನು ತಕ್ಕಡಿಗೆ ಹೋಗಲಿಲ್ಲ. ಹೆಂಡತಿಯ ತೂಕ ಹೊತ್ತವನು ಎಂದು ಸಾಲಿನಲ್ಲಿ ನಗುತ್ತಿದ್ದರು. ಅಚ್ಚುಕೂಟದಲ್ಲಿ ಕೆಲಸವಿದೆ ಎಂದು ಹೇಳಿಕಳಿಸಿದೆ. ಗೈರುಹಾಜರಾದವರದು ಹಿಂದಿನ ವಾರದ ತೂಕವನ್ನೇ ಬರೆದುಕೊಳ್ಳುವುದು ಪದ್ಧತಿ. ಆ ದಿನ ಅಂಬುಜ ಓಡಿಬಂದಳು.

"ರೀ! ಅಕ್ಕ ಒಂದು ಕೆಜಿ ನೂರು ಗ್ರಾಂ ಏರಿದ್ದಾಳೆ!"

"ಬಂತಲ್ಲ ಕೊನೆಗೂ! ನೀನು?"

"ಅದೇ ಗೊತ್ತಾಗ್ತಿಲ್ಲ. ನಾನು ಇದ್ದಷ್ಟೇ ಇದ್ದೀನಿ."

ಹಿಂದಿನ ವಾರ ಎಂಟುನೂರು ಗ್ರಾಂ ಕಡಿಮೆ ಬಂದಿದ್ದ ಊರು ಈ ವಾರ ಮುನ್ನೂರು ಗ್ರಾಂ ಹೆಚ್ಚು ಬಂದಿತ್ತು. ಬಸವಂತಯ್ಯ ಕಟ್ಟೆಯ ಮೇಲೆ ಕೂತು ಎರಡು ಲೋಟ ನೀರು ಕುಡಿದನಂತೆ. ಐದನೆಯ ಸೋಮವಾರವೂ ನಾನು ಹೋಗಲಿಲ್ಲ. ಪಂಕಜಕ್ಕ ಮತ್ತೆ ಒಂದು ಕೆಜಿ ನಾನೂರು ಏರಿ ನಲವತ್ತೂವರೆ ಕೆಜಿಗೆ ಬಂದರು. ಅಂಬುಜ ಇದ್ದಲ್ಲೇ ಇದ್ದಳು.

ಆಗ ಊರಿಗೆ ಬೇರೆ ಪ್ರಶ್ನೆ ಹುಟ್ಟಿತು. ಯಾರೋ ಒಬ್ಬರು ದಿನವೂ ಪಥ್ಯ ಮಾಡುತ್ತ, ಹೊತ್ತು ಹೊತ್ತಿಗೂ ಪಂಕಜಮ್ಮನನ್ನು, ಪಾಪ ಎನ್ನದೆ, ನೆನೆಯುತ್ತಿದ್ದಾರೆ. ಯಾರು? ಮೂವತ್ತು ವರ್ಷದ ಹಿಂದೆ ದಿನಕ್ಕೊಂದು ಇನ್‌ಲ್ಯಾಂಡ್ ಪತ್ರ ಕೊಳ್ಳಲು ಪೋಸ್ಟಾಫೀಸಿಗೆ ಬರುತ್ತಿದ್ದ ಕೊಡೆ ರಿಪೇರಿಯವರ ಹೆಸರು ಬಂತು. ಅವರು ತಮ್ಮ ಹೊಟ್ಟೆ ತೋರಿಸಿ ನಿರಪರಾಧಿ ಎಂದು ಸಾಬೀತು ಮಾಡಿದರು.

ಅಂಬುಜಳಿಗೆ ಸಂತೋಷವಾಗಬೇಕಾಗಿತ್ತು. ಆಯಿತು ಕೂಡ, ಆದರೆ ಪೂರ್ತಿ ಆಗಲಿಲ್ಲ. ಬಟ್ಟಲು ಮುಂದಿಟ್ಟುಕೊಂಡು, "ನನ್ನಕ್ಕ. ಯಾರೋ ಕೊಡ್ತಿದ್ದಾರೆ, ನನ್ನ ಕೈಲಾಗ್ತಿಲ್ಲ," ಎಂದಳು. "ನೆನೀತೀನಿ ರೀ. ಕಣ್ಣು ಮುಚ್ಚಿ ನೆನೀತೀನಿ. ಆಮೇಲೆ, ಸರಿಯಾಗಿ ನೆನೀತಿದ್ದೀನಾ ಅಂತ ನೋಡ್ಕೋತೀನಿ. ನೋಡ್ಕೊಂಡ್ರೆ ಅಲ್ಲಿ ನಾನೇ ಇರ್ತೀನಿ."

ಹೊರಟ ತೂಕ ಒಂದು ಸುತ್ತು ಹಾಕಿ ಅವಳಿಗೇ ಬರುತ್ತಿತ್ತು. ಇದಕ್ಕೆ ಹಸಿರು ಪುಸ್ತಕದಲ್ಲಿ ಪರಿಹಾರವಿರಲಿಲ್ಲ. ಅಟ್ಟದ ಪುಸ್ತಕಗಳಲ್ಲೂ ಇರಲಿಲ್ಲ.

ಆರನೆಯ ಸೋಮವಾರ ಬಸವಂತಯ್ಯ ಅಚ್ಚುಕೂಟಕ್ಕೇ ಬಂದ. "ಎರಡು ವಾರ ತಪ್ಪಿಸಿದ್ದೀರಿ ಸ್ವಾಮಿ. ಮೂರನೇದಕ್ಕೆ ಎತ್ಕೊಂಡು ಹೋಗಬಹುದು ಅಂತ ರೂಲ್ ಇದೆ. ನಡ್ಕೊಂಡೇ ಬಂದ್ರೆ ಇಬ್ಬರಿಗೂ ಮರ್ಯಾದೆ." ಹೋದೆ. ಕಟ್ಟೆಯ ಹತ್ತಿರ ಅಂಬುಜ, ಇಂದುಮತಿ ಮೇಡಂ, ಬೆತ್ತದ ಕುರ್ಚಿಯಲ್ಲಿ ಪಂಕಜಕ್ಕ ಇದ್ದರು. ಅವರನ್ನು ಆಗಲೇ ತೂಗಿಯಾಗಿತ್ತು: ನಲವತ್ತೊಂದು ಏಳುನೂರು. ಇನ್ನು ಮುನ್ನೂರು ಗ್ರಾಂ, ಎರಡು ದಿನ.

ನಾನು ತಕ್ಕಡಿ ಹತ್ತಿದೆ. ಬಸವಂತಯ್ಯ ತೂಕದ ಬಟ್ಟು ಇಟ್ಟ, ತೆಗೆದ, ಚಿಕ್ಕದನ್ನು ಇಟ್ಟ. ಅವನ ಮುಖದಲ್ಲಿ ಮೂರು ವಾರದಿಂದ ಕಾಣದಿದ್ದ ಬೆಳಕೊಂದು ಬಂತು.

"ಅರವತ್ತಮೂರೂವರೆ," ಎಂದ. "ಮೂರು ಕೆಜಿ ಏಳುನೂರು ಇಳಿದಿದ್ದೀರಿ. ಪಂಕಜಮ್ಮೋರು ಮೂರು ಕೆಜಿ ಏಳುನೂರು ಏರಿದ್ದಾರೆ. ತಾಳೆ ಆಯ್ತು! ಆ ಎಂಟುನೂರು ಬಿಟ್ರೆ ಎಲ್ಲಾ ತಾಳೆ ಆಯ್ತು!"

ಮನೆಯಲ್ಲೂ ಅಚ್ಚುಕೂಟದಲ್ಲೂ ನಾನು ಉಡುವುದು ಪಂಚೆ. ಪಂಚೆಗೆ ಬೆಲ್ಟಿನ ಹಾಗೆ ತೂತುಗಳಿಲ್ಲ, ಅದು ಚಾಡಿ ಹೇಳುವುದಿಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದನ್ನು ಹೇಳಿದೆ. ಯಾರೂ ನಂಬಿದಂತೆ ಕಾಣಲಿಲ್ಲ. ಇಂದುಮತಿ ಮೇಡಂ ಮಾತ್ರ ನಾನು ಏನು ತಿನ್ನುತ್ತಿದ್ದೆ ಎಂದು ಕೇಳಿ, ಬೆರಳಲ್ಲಿ ಎಣಿಸಿ, "ಐದು ಬಟ್ಟಲು, ದಿನಕ್ಕೆ ಇಪ್ಪತ್ತೇ ಪಾಯಿಂಟ್! ನನ್ನ ನಲವತ್ತು ಜನದಲ್ಲಿ ಒಬ್ಬರಿಗೂ ಈ ಶಿಸ್ತಿಲ್ಲ," ಎಂದು ಸೀಟಿ ಊದಿದರು.

ಅಂಬುಜ ಅಕ್ಕನ ಕುರ್ಚಿಯ ಹಿಂದೆ ಹೋಗಿ ನಿಂತಳು. ಸಾಲಿನಲ್ಲಿ ಯಾರೋ ಕೆಮ್ಮಿದರು. ನಾದಿನಿ ಅತ್ತಿಗೆಯರ ಮೇಲೆ ಮೂರು ಕೆಜಿ ಏಳುನೂರು ಗ್ರಾಂ ಹೊರಿಸುವುದು ನಮ್ಮೂರಿನಲ್ಲಿ ಕೆಮ್ಮುವಂಥ ವಿಷಯವೇ. ಪಂಕಜಕ್ಕ ಕುರ್ಚಿಯಿಂದಲೇ, "ಶ್ರೀಕಂಠಯ್ಯನೋರೇ, ಉಳಿದ ಮುನ್ನೂರೂ ನೀವೇ ಕೊಟ್ಟುಬಿಡಿ. ಪಾರ್ಸೆಲ್ ಒಂದೇ ಕಡೆಯಿಂದ ಬಂದ್ರೆ ಸುಲಭ," ಎಂದರು.

ಆದರೆ ಕೊಡಲಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಬಟ್ಟಲು ಹಿಡಿದು ನಿಂತರೆ, ಈಗ ನಾನು ಅತ್ತಿಗೆಯನ್ನು ನೆನೆಯುತ್ತಿದ್ದೇನೆ ಎಂಬುದೇ ನೆನಪಿಗೆ ಬಂತು. ಜಡೆ ಬರಲಿಲ್ಲ, ಸ್ಟೂಲು ಬರಲಿಲ್ಲ. ನೆನೆಯುತ್ತ ನಿಂತ ನಾನು ಬಂದೆ, ಪಂಚೆ ಉಟ್ಟುಕೊಂಡು. ಅಂಬುಜಳಿಗೆ ಹಿಡಿದಿದ್ದು ನನಗೂ ಹಿಡಿದಿತ್ತು. ಮೂರು ಬಟ್ಟಲು ತಿಂದೆ, ಮೂರೂ ನನಗೇ ವಾಪಸು ಬಂದದ್ದು ಗೊತ್ತಾಯಿತು. ನಾಳೆ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ತಕ್ಕಡಿ.

ಮಧ್ಯಾಹ್ನ ಅಂಬುಜ ಅಡುಗೆಮನೆಗೆ ಬಂದಳು. ಹಿಂದಿನ ದಿನದಿಂದ ನನ್ನೊಡನೆ ಆಡಿದ್ದು ಮೂರು ಮಾತು, ಮೂರೂ ಹಾಲಿನ ವಿಷಯ. "ಏನಂತ ನೆನೀತಿದ್ರಿ ಅವಳನ್ನ?" ಎಂದು ಕೇಳಿದಳು.

ಜಡೆ, ಸ್ಟೂಲು, ಖಾರದಪುಡಿ, ಅತ್ತುಕೊಂಡು ನಕ್ಕದ್ದು, ಎಲ್ಲ ಹೇಳಿದೆ.

"ನಿಮಗೆ ಹಾಗೆ ಹೇಳಿದ್ಲಾ? ಸಾರಿನಪುಡಿ ಅಂದ್ಕೊಂಡು ಅಂತ? ಸುಳ್ಳಿ! ಡಬ್ಬಿ ಮೇಲೆ ಬರೆದಿತ್ತು ರೀ, ಅವಳು ಓದಿ ಹಾಕಿದ್ಲು! ನಾನು ಅವಳ ಪೆನ್ಸಿಲ್ ಮುರಿದಿದ್ದೆ, ಅದಕ್ಕೇ! ನಾನು ಅಳಲಿ ಅಂತ ಹಾಕಿ, ನಾನು ಅಳೋದು ನೋಡಿ ತಡಿಯಕ್ಕಾಗದೆ ತಾನೂ ತಿಂದ್ಲು. ಸಂಜೆ ಅಮ್ಮನ ಹತ್ರ ನಾನೇ ಡಬ್ಬಿ ಕೊಟ್ಟೆ ಅಂತ ಹೇಳಿದ್ಲು. ಏಟು ನನಗೆ!" ಮಾತಾಡುತ್ತಲೇ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು, ಡಬ್ಬಿಯಿಂದ ಎರಡು ಚಮಚ ಖಾರ ಸುರಿದು ಕಲಸಿದಳು. "ಐವತ್ತು ವರ್ಷ! ಐವತ್ತು ವರ್ಷದಿಂದ ಒಪ್ಪಿಕೊಂಡಿಲ್ಲ. ಪೋಸ್ಟ್‌ಮಾಸ್ಟರಂತೆ! ಮಹರಾಯ್ತಿ, ಇರು, ನಿನಗೆ ಆಪರೇಷನ್ ಆಗ್ಲಿ, ಮಾಡ್ತೀನಿ." ಬಾಯಿ ತುಂಬ ತುಂಬಿಕೊಂಡು ಬೈದಳು. ಮೂಗು ಸುರಿಯಿತು, ಕಣ್ಣು ಸುರಿಯಿತು, ನಡುವೆ ಎಲ್ಲೋ ನಗತೊಡಗಿದಳು. ಬಟ್ಟಲು ಖಾಲಿಯಾಯಿತು. ಇನ್ನೊಂದು ಕೇಳಿದಳು. ಸಂಜೆಯವರೆಗೆ ನಾಲ್ಕು. ನಾನು ಉಸಿರು ಬಿಡದೆ ಅವಲಕ್ಕಿ ಕುಟ್ಟಿದೆ. ಏನನ್ನಾದರೂ ಹೇಳಿ ಅವಳಿಗೆ ಅವಳ ನೆನಪು ತರುವ ಧೈರ್ಯ ನನಗಿರಲಿಲ್ಲ.

ಬುಧವಾರ ಆಸ್ಪತ್ರೆಯ ತಕ್ಕಡಿಯ ಮುಳ್ಳು ನಲವತ್ತೆರಡನ್ನು ದಾಟಿ ಐವತ್ತು ಗ್ರಾಂ ಆಚೆ ನಿಂತಿತು. ಅಂಬುಜಳನ್ನು ತೂಗಿದರೆ ಮುನ್ನೂರೈವತ್ತು ಇಳಿದಿದ್ದಳು. ಸ್ಟ್ರೆಚರಿನ ಮೇಲೆ ಮಲಗಿದ ಪಂಕಜಕ್ಕ ತಂಗಿಯ ಕೈ ಎಳೆದು ಹತ್ತಿರ ಕರೆದರು.

"ನಿನ್ನೆ ಮಧ್ಯಾಹ್ನದಿಂದ ಎಡಗಡೆ ಪಕ್ಕೆ ಚುರುಚುರು ಅಂತಿದೆ. ನಿನ್ನ ಗಂಡನ್ದು ಬಂದಾಗ ಹೀಗಾಗ್ಲಿಲ್ಲ. ಬೈಕೊಂಡು ತಿಂದೆಯಾ?"

"ಡಬ್ಬಿ ಓದಿ ಹಾಕಿದ್ದು ತಾನೇ ನೀನು?"

"ಹ್ಞೂಂ," ಎಂದರು ಪಂಕಜಕ್ಕ. "ಓದಿಯೇ ಹಾಕಿದ್ದು." ಬಾಗಿಲು ಮುಚ್ಚಿತು.

ಎರಡೂವರೆ ಗಂಟೆಯ ನಂತರ ಸರ್ಜನ್ ಹೊರಬಂದು, ಗಡ್ಡೆ ಪೂರ್ತಿ ಬಂತು, ಇನ್ನು ಭಯವಿಲ್ಲ ಎಂದರು.

ಮುಂದಿನ ಸೋಮವಾರ ಬಸವಂತಯ್ಯ ಚಿಕ್ಕ ತಕ್ಕಡಿ ಹೊತ್ತುಕೊಂಡು ಆಸ್ಪತ್ರೆಗೆ ಬಂದ. ಪಂಕಜಕ್ಕ ಐದು ದಿನದಿಂದ ಗ್ಲೂಕೋಸ್ ನೀರಿನ ಮೇಲಿದ್ದರು, ಒಂದು ತುತ್ತು ತಿಂದಿರಲಿಲ್ಲ. ಗಡ್ಡೆಯದನ್ನು ಕಳೆದು, ಬ್ಯಾಂಡೇಜಿನದನ್ನು ಕಳೆದು, ಅವನು ಮೂರು ಸಲ ತೂಗಿದ. ಆಮೇಲೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತ.

"ಎಂಟುನೂರು ಗ್ರಾಂ ಏರಿದ್ದಾರೆ," ಎಂದ. "ಊರಲ್ಲಿ ಒಬ್ಬರೂ ಇಳಿದಿಲ್ಲ. ಎಲ್ಲರನ್ನೂ ಎರಡೆರಡು ಸಲ ಹತ್ತಿಸಿದೆ. ಒಟ್ಟು ಮಾತ್ರ ಸರಿಯಾಗಿದೆ, ಒಂದು ಗ್ರಾಂ ಆಚೀಚೆ ಇಲ್ಲ. ಆ ಪುಸ್ತಕದಿಂದ ಈ ಪುಸ್ತಕಕ್ಕೆ ಬರಕ್ಕೆ ಬರಲ್ಲ ಸ್ವಾಮಿ. ಏನು ಬರೀಲಿ ನಾನು?"

ಅಂಬುಜ ಕಿಟಕಿಯ ಕಡೆ ತಿರುಗಿದ್ದಳು. ಪಂಕಜಕ್ಕ ದಿಂಬಿಗೊರಗಿ ಚಾವಣಿ ನೋಡುತ್ತಿದ್ದರು. ಆಮೇಲೆ ಕೈಚಾಚಿ, ಅವನ ಜೇಬಿನಿಂದ ಇಣುಕುತ್ತಿದ್ದ, ಆ ಎಂಟುನೂರು ಗ್ರಾಂನ ಹಳೆಯ ಫಾರಂ ಕೇಳಿ ತೆಗೆದುಕೊಂಡರು. ಮೂವತ್ತಮೂರು ವರ್ಷ ದಿನಕ್ಕೆ ನೂರು ಸಲ ಹಾಕಿದ ಸಹಿಯನ್ನು ಪಡೆದವರ ಕಾಲಂನಲ್ಲಿ ಹಾಕಿದರು. ಅದರ ಮೇಲೆ, ತಾಯಿಯ ಹೆಸರಿಗೆ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: ಹೊಸ ವಿಳಾಸಕ್ಕೆ ಕಳಿಸಿದೆ.

"ಈ ಸಲ ಮೊದಲ ಉಂಡೆ ನನಗೆ," ಎಂದರು, ತಂಗಿಯ ಕಡೆ ನೋಡದೆ.